ದೊಡ್ಡ ಕಟ್ಟು ಪಾರ್ಸ್ಲಿ ತಂದಾಯಿತು, ಇನ್ನೇನು ಮಾಡುವುದು?

ಪ್ರಶ್ನೆ: ನಾವು ಶಿವಮೊಗ್ಗದವರು, ಶಾರ್ಜಾಕ್ಕೆ ಬಂದು ಒಂದು ವರ್ಷವಾಯಿತು. ಇಲ್ಲಿನ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲೇ ಪಾರ್ಸ್ಲಿ ಇಟ್ಟಿರುತ್ತಾರೆ. ಎರಡು ಸಲ ಕೊತ್ತಂಬರಿ ಎಂದುಕೊಂಡು ಅದನ್ನೇ ತಂದೆ. ಸಾರಿಗೆ ಹಾಕಿದರೆ ಘಮವೇ ಇಲ್ಲ, ಚಟ್ನಿ ಮಾಡಿದರೆ ಹುಲ್ಲು ರುಬ್ಬಿದ ಹಾಗೆ ಕಹಿ. ಉಳಿದದ್ದು ನಾಲ್ಕೇ ದಿನಕ್ಕೆ ಫ್ರಿಜ್ಜಿನಲ್ಲಿ ಲೋಳೆಯಾಯಿತು. ಆದರೆ ಇಲ್ಲಿನವರು ದಿನಾ ತಿನ್ನುತ್ತಾರೆ, ಆರೋಗ್ಯಕ್ಕೆ ಒಳ್ಳೆಯದು ಅಂತಲೂ ಹೇಳುತ್ತಾರೆ. ನಾವೂ ದಿನನಿತ್ಯ ತಿನ್ನುವ ಹಾಗೆ ಇದನ್ನು ಹೇಗೆ ಬಳಸುವುದು? ಜೊತೆಗಿರುವ ಮಾವನವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರಿಗೂ ಕೊಡಬಹುದೇ? ಬಾಲ್ಕನಿಯ ಕುಂಡದಲ್ಲಿ ಬೆಳೆಯುತ್ತದೆಯೇ?

ಉತ್ತರ: ಮೊದಲು ಮಾವನವರ ಮಾತ್ರೆಯ ವಿಷಯ, ಅಡುಗೆ ಆಮೇಲೆ.

ಅವರ ಮಾತ್ರೆಯ ಸ್ಟ್ರಿಪ್ ಮೇಲಿನ ಹೆಸರು ಓದಿ. ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಎಂದಿದ್ದರೆ ಪಾರ್ಸ್ಲಿ ಕೊಡುವಾಗ ನಿಜಕ್ಕೂ ಎಚ್ಚರ ಬೇಕು. ನಮ್ಮ ಕಡೆ ಅಸಿಟ್ರೋಮ್ ಎಂದು ಬರೆದುಕೊಡುವುದು ಈ ಎರಡನೆಯದನ್ನೇ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ತಯಾರಿಸುವುದು ವಿಟಮಿನ್ ಕೆ ಬಳಸಿ. ಈ ಮಾತ್ರೆಗಳು ತಡೆಯುವುದು ಆ ಕೆಲಸವನ್ನೇ. ಪಾರ್ಸ್ಲಿಯಲ್ಲಿ ವಿಟಮಿನ್ ಕೆ ಅಪಾರ: 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 1,640 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 90ರಿಂದ 120 ಮೈಕ್ರೋಗ್ರಾಂ. ಹೆಚ್ಚಿದ ಎಲೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 4 ಗ್ರಾಂ ತಿಂದರೂ 60ರ ಮೇಲೆ ಹೋಗುತ್ತದೆ. ತಬ್ಬೂಲೆ, ಅಂದರೆ ಪಾರ್ಸ್ಲಿಯೇ ಮುಖ್ಯವಾಗಿರುವ ಕೋಸಂಬರಿಯಂಥ ತಿನಿಸು, ಒಂದು ಬಟ್ಟಲಿನಲ್ಲಿ 40 ಗ್ರಾಂ ಎಲೆ ಇದ್ದರೆ 650ರ ಹತ್ತಿರ. ಇಷ್ಟು ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಮಾತ್ರೆಯ ಕೆಲಸ ಕುಂದುತ್ತದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐ.ಎನ್.ಆರ್. ಎಂಬ ಅಂಕಿ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ, ಇದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ. ದಿನಾ ಸೊಪ್ಪು ತಿನ್ನುತ್ತಿದ್ದವರು ಹೆದರಿ ಒಮ್ಮೆಗೇ ಬಿಟ್ಟರೆ ಮಾತ್ರೆಯ ಪರಿಣಾಮ ಜಾಸ್ತಿಯಾಗಿ ರಕ್ತಸ್ರಾವವಾಗಬಹುದು. ವೈದ್ಯರು ನೋಡುವುದು ಸೊಪ್ಪು ತಿಂದಿರೋ ಬಿಟ್ಟಿರೋ ಅನ್ನುವುದಕ್ಕಿಂತ, ದಿನದಿಂದ ದಿನಕ್ಕೆ ಪ್ರಮಾಣ ಒಂದೇ ಸಮ ಇದೆಯೇ ಅನ್ನುವುದನ್ನು. ಆದ್ದರಿಂದ ಅವರ ವೈದ್ಯರಿಗೆ “ದಿನಾ ಒಂದು ಚಮಚ ಪಾರ್ಸ್ಲಿ ಊಟದಲ್ಲಿ ಇರುತ್ತದೆ” ಎಂದು ಮೊದಲೇ ತಿಳಿಸಿ, ಅವರು ಒಪ್ಪಿದರೆ ಅಷ್ಟನ್ನೇ ಕೊಡಿ, ಮುಂದಿನ ಐ.ಎನ್.ಆರ್. ಪರೀಕ್ಷೆ ತಪ್ಪಿಸಬೇಡಿ. ಕೆಳಗೆ ಹೇಳುವ ಬಟ್ಟಲುಗಟ್ಟಲೆಯ ತಿನಿಸುಗಳು ಅವರ ತಟ್ಟೆಗೆ ಬೇಡ. ಮಾತ್ರೆಯ ಹೆಸರು ಎಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಾಟ್ರಾನ್ ಅಥವಾ ಬರೀ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎಂದಿದ್ದರೆ ವಿಟಮಿನ್ ಕೆಯ ಈ ಜಗ್ಗಾಟ ಇಲ್ಲ. ಆಗಲೂ ವೈದ್ಯರನ್ನೊಮ್ಮೆ ಕೇಳಿಯೇ ಕೊಡಿ.

ಈಗ ಸೊಪ್ಪಿನ ಕಡೆ ಬರೋಣ. ಪಾರ್ಸ್ಲಿ, ಕೊತ್ತಂಬರಿ, ಸಬ್ಬಸಿಗೆ, ಕ್ಯಾರೆಟ್, ಜೀರಿಗೆ, ಓಮ ಎಲ್ಲ ಒಂದೇ ಕುಟುಂಬದವು, ಹಾಗಾಗಿ ಎಲೆಯಲ್ಲಿ ಹೋಲಿಕೆ ಇದೆ. ಅಂಗಡಿಯಲ್ಲಿ ಗುರುತಿಸಲು ಎಲೆಯ ತುದಿ ನೋಡಿ. ಕೊತ್ತಂಬರಿಯ ಅಂಚು ದುಂಡಗೆ, ಎಲೆ ತೆಳು, ಬಣ್ಣ ತಿಳಿ. ಪಾರ್ಸ್ಲಿಯ ಅಂಚು ಚೂಪು, ಎಲೆ ದಪ್ಪ, ಬಣ್ಣ ಕಡುಹಸಿರು, ದಂಟು ಗಟ್ಟಿ. ಅನುಮಾನ ಬಂದರೆ ಒಂದು ಎಲೆ ಉಗುರಲ್ಲಿ ಹಿಸುಕಿ ಮೂಸಿ: ಕೊತ್ತಂಬರಿ ತಕ್ಷಣ ಮೂಗಿಗೆ ಹೊಡೆಯುತ್ತದೆ, ಪಾರ್ಸ್ಲಿಯದ್ದು ಕ್ಯಾರೆಟ್ ಸೊಪ್ಪನ್ನೋ ಸೆಲರಿಯನ್ನೋ ನೆನಪಿಸುವ ತಣ್ಣನೆಯ ಹಸಿರು ವಾಸನೆ. ಅರಬ್ಬಿಯಲ್ಲಿ ಪಾರ್ಸ್ಲಿಗೆ ಬಕ್ದೂನಿಸ್, ಕೊತ್ತಂಬರಿಗೆ ಕುಜ್ಬರ. ಈ ಎರಡು ಶಬ್ದ ಬಾಯಿಗೆ ಬಂದರೆ ಅಂಗಡಿಯವರನ್ನು ಕೇಳಿಯೇ ತರಬಹುದು. ಎಲೆ ಸುರುಳಿ ಸುರುಳಿಯಾಗಿರುವ ಜಾತಿಯೂ ಒಂದಿದೆ. ಅದರ ಸುಕ್ಕುಗಳಲ್ಲಿ ಮಣ್ಣು ಕೂರುತ್ತದೆ, ನಾಲಿಗೆಗೂ ತರಿತರಿ. ದಿನದ ಊಟಕ್ಕೆ ಚಪ್ಪಟೆ ಎಲೆಯದ್ದನ್ನೇ ಆರಿಸಿ.

ನಿಮ್ಮ ಸಾರು ಕೆಟ್ಟಿದ್ದು ಪಾರ್ಸ್ಲಿಯ ತಪ್ಪಿನಿಂದಲ್ಲ. ಕೊತ್ತಂಬರಿಯ ಘಮ ಜೋರು, ಸಾರಿನ ಪುಡಿ, ಹುಣಸೆ, ಇಂಗಿನ ನಡುವೆಯೂ ತಲೆ ಎತ್ತಿ ನಿಲ್ಲುತ್ತದೆ. ಪಾರ್ಸ್ಲಿಯ ಘಮ ಮೆಲುವು, ಅದೂ ಬಿಸಿಗೆ ಬೇಗ ಆವಿಯಾಗಿ ಹೋಗುತ್ತದೆ. ಹುಣಸೆ, ಬೆಲ್ಲ, ಸಾರಿನ ಪುಡಿ ಇರುವ ಕಡೆ ಅದು ಕಾಣೆಯಾಗುವುದೇ ಸರಿ. ಅದಕ್ಕೆ ಒಗ್ಗುವ ಜೊತೆಗಾರರು ಬೇರೆ: ನಿಂಬೆ, ಬೆಳ್ಳುಳ್ಳಿ, ಟೊಮೇಟೊ, ಮೊಸರು, ಎಳ್ಳು, ಬೆಣ್ಣೆ, ಆಲಿವ್ ಎಣ್ಣೆ, ಆಲೂಗಡ್ಡೆ, ಮೊಟ್ಟೆ, ಮೀನು, ಬೇಯಿಸಿದ ಕಾಳು. ಕೊತ್ತಂಬರಿಯ ಬದಲಿಗೆ ಪಾರ್ಸ್ಲಿ ಎಂದು ಹೊರಟರೆ ಪ್ರತಿ ಸಲವೂ ನಿರಾಶೆಯೇ. ಇದನ್ನು ಮೆಂತ್ಯ, ಸಬ್ಬಸಿಗೆಯ ಸಾಲಿನ ಸೊಪ್ಪು ಎಂದೇ ತಿಳಿಯಿರಿ. ಲೆಬನಾನ್, ಸಿರಿಯಾ, ಇರಾನ್, ಟರ್ಕಿಯ ಅಡುಗೆಮನೆಗಳಲ್ಲಿ ಇದು ಕಟ್ಟುಗಟ್ಟಲೆ ಖರ್ಚಾಗುತ್ತದೆ, ಬಹುಪಾಲು ಹಸಿಯಾಗಿಯೇ. ತಟ್ಟೆಯ ಅಂಚಿನಲ್ಲಿ ಒಂದು ಕಡ್ಡಿ ಸಿಕ್ಕಿಸಿ, ಊಟ ಮುಗಿದ ಮೇಲೆ ಎಸೆಯುವ ಹೋಟೆಲಿನ ಪದ್ಧತಿ ಈ ಸೊಪ್ಪಿಗೆ ಮಾಡಿದ ಅನ್ಯಾಯ.

ಒಂದು ಒಳ್ಳೆಯ ಮಾತೂ ಇದೆ. ಕೊತ್ತಂಬರಿ ಬಾಯಿಗಿಟ್ಟರೆ ಸೋಪಿನ ರುಚಿ ಎನ್ನುವವರು ಕೆಲವರು ಇರುತ್ತಾರೆ. ಅದಕ್ಕೆ ಕಾರಣ ಕೊತ್ತಂಬರಿ ಎಲೆಯ ಆಲ್ಡಿಹೈಡ್ ಎಂಬ ಅಂಶಗಳು. ಪಾರ್ಸ್ಲಿಯ ಘಮ ಬೇರೆ ಅಂಶಗಳಿಂದ ಬರುವುದರಿಂದ ಅಂಥವರೂ ಇದನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ.

ಪಾರ್ಸ್ಲಿಯ ಅರ್ಧ ರುಚಿ ತೊಳೆದು, ಒಣಗಿಸಿ, ಹೆಚ್ಚುವುದರಲ್ಲೇ ಇದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಮಸಾಲೆಯೂ ಕೈ ಹಿಡಿಯುವುದಿಲ್ಲ. ಕಟ್ಟಿನ ದಾರ ಬಿಚ್ಚಿ, ಹಳದಿ ಎಲೆ ಆರಿಸಿ ತೆಗೆದು, ದೊಡ್ಡ ಪಾತ್ರೆ ತುಂಬ ನೀರಿನಲ್ಲಿ ಸೊಪ್ಪನ್ನು ಮುಳುಗಿಸಿ ಅಲ್ಲಾಡಿಸಿ. ಎರಡು ನಿಮಿಷ ಬಿಟ್ಟು ಸೊಪ್ಪನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಪಾತ್ರೆಯನ್ನೇ ಜಾಲರಿಗೆ ಬಗ್ಗಿಸಿದರೆ ತಳಕ್ಕೆ ಇಳಿದ ಮರಳು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಪಾತ್ರೆಯ ತಳದಲ್ಲಿ ಮರಳು ಕಾಣದ ತನಕ, ಅಂದರೆ ಎರಡು ಮೂರು ಸಲ ಹೀಗೆ ಮಾಡಿ. ಆಮೇಲೆ ಜಾಡಿಸಿ, ಹತ್ತಿಯ ಪಂಚೆಯ ಮೇಲೆ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಡಿ. ಅಥವಾ ಅದೇ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. ಎಲೆ ಮುಟ್ಟಿದರೆ ಕೈಗೆ ತೇವ ಹತ್ತಬಾರದು.

ಒಣಗಿದ ಸೊಪ್ಪಿಗೂ ಒದ್ದೆ ಸೊಪ್ಪಿಗೂ ಏನು ವ್ಯತ್ಯಾಸ ಎಂದು ಹೆಚ್ಚುವ ಮಣೆಯೇ ಹೇಳುತ್ತದೆ. ಹತ್ತು ಹದಿನೈದು ಕಡ್ಡಿಗಳ ಎಲೆಗಳನ್ನು ಒಂದೇ ಕಡೆ ಮುಖ ಮಾಡಿ ಜೋಡಿಸಿ, ಎಡಗೈಯಲ್ಲಿ ಬಿಗಿಯಾಗಿ ಮುಷ್ಟಿ ಕಟ್ಟಿ, ಹರಿತವಾದ ಚಾಕುವನ್ನು ಮುಂದಕ್ಕೆ ಜಾರಿಸುತ್ತಾ ಒಂದೆರಡು ಮಿಲಿಮೀಟರ್ ಅಗಲದ ಎಳೆಗಳಾಗಿ ಕೊಯ್ಯಿರಿ. ಈಳಿಗೆ ಮಣೆ ರೂಢಿ ಇದ್ದವರಿಗೆ ಇದು ಇನ್ನೂ ಸಲೀಸು. ಒಣ ಎಲೆ, ಹರಿತ ಅಲಗು ಇದ್ದರೆ ಹೆಚ್ಚಿದ ಸೊಪ್ಪು ಉದುರುದುರಾಗಿ ಗುಡ್ಡೆ ಬೀಳುತ್ತದೆ, ಬೆರಳಲ್ಲಿ ಎತ್ತಿ ಬಿಟ್ಟರೆ ಬಿಡಿಬಿಡಿಯಾಗಿ ಜಾರುತ್ತದೆ, ಮಣೆಯ ಮೇಲೆ ಹಸಿರು ಕಲೆ ಹೆಚ್ಚುಕಮ್ಮಿ ಇರುವುದಿಲ್ಲ. ಮೊಂಡು ಚಾಕುವಾದರೆ ಎಲೆ ಜಜ್ಜಿ, ರಸ ಮಣೆಗೆ ಇಳಿದು, ಸೊಪ್ಪು ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಜಜ್ಜಿದ ಎಲೆಯಲ್ಲೇ ಹುಲ್ಲಿನ ವಾಸನೆ ಏಳುವುದು. ಒಮ್ಮೆ ಹೆಚ್ಚಿದ್ದರ ಮೇಲೆ ಚಾಕುವನ್ನು ಹಿಂದೆ ಮುಂದೆ ಓಡಿಸಿ ಪುಡಿ ಮಾಡುವ ಅಭ್ಯಾಸವೂ ಬೇಡ. ಮಿಕ್ಸಿಯಂತೂ ಬೇಡವೇ ಬೇಡ. ನಿಮ್ಮ ಚಟ್ನಿ ಕಹಿಯಾಗಿದ್ದೂ ಇದೇ ಕಾರಣಕ್ಕೆ: ಬರೀ ಪಾರ್ಸ್ಲಿಯನ್ನು ಹೆಚ್ಚು ಹೊತ್ತು ರುಬ್ಬಿದರೆ ಎಲೆಯ ಕಣಕಣವೂ ಒಡೆದು ಕಹಿ, ಹಸಿರು ವಾಸನೆ ಎರಡೂ ಎದ್ದು ಬರುತ್ತವೆ. ಚಟ್ನಿಗೇ ಬೇಕೆಂದರೆ ಪುದೀನ, ಕೊತ್ತಂಬರಿ ಮುಕ್ಕಾಲು ಪಾಲು, ಪಾರ್ಸ್ಲಿ ಕಾಲು ಪಾಲು ಇಟ್ಟು, ತಣ್ಣೀರು ಹಾಕಿ, ತೆಂಗಿನಕಾಯಿ ನುಣ್ಣಗಾದ ಮೇಲೆ ಸೊಪ್ಪು ಸೇರಿಸಿ ಎರಡೇ ಸುತ್ತು ತಿರುಗಿಸಿ.

ದಂಟಿನ ವಿಷಯ: ಎಲೆಗೆ ಹತ್ತಿರದ ತೆಳು ಕಡ್ಡಿಗಳನ್ನು ಎಲೆಯ ಜೊತೆಗೇ ಹೆಚ್ಚಿ, ಅವು ಸಿಹಿ ಮತ್ತು ರಸಭರಿತ. ಬುಡದ ದಪ್ಪ ದಂಟು ನಾರು, ಬೇರೆ ತೆಗೆದಿಡಿ. ಅವನ್ನು ದಾರದಲ್ಲಿ ಕಟ್ಟಿ ಬೇಳೆ, ಕಡಲೆಕಾಳು ಅಥವಾ ಸೂಪು ಬೇಯುವಾಗ ಹಾಕಿ, ಬೆಂದ ಮೇಲೆ ಎತ್ತಿ ಎಸೆಯಿರಿ. ಎಲೆಗಿಂತ ದಂಟಿನ ಘಮ ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಫ್ರೆಂಚರು ಸೂಪಿಗೆ ಹಾಕುವ ಸೊಪ್ಪಿನ ಕಟ್ಟಿನಲ್ಲಿ ಪಾರ್ಸ್ಲಿಯ ದಂಟು ಇರುವುದು ಇದಕ್ಕೇ.

ಈಗ ತಬ್ಬೂಲೆ. ಲೆಬನಾನ್ ಮತ್ತು ಸಿರಿಯಾದ ಈ ತಿನಿಸನ್ನು ಒಮ್ಮೆ ಸರಿಯಾಗಿ ಮಾಡಿದರೆ ಪಾರ್ಸ್ಲಿ ಏನು ಎನ್ನುವುದು ನಾಲಿಗೆಗೆ ತಿಳಿಯುತ್ತದೆ. ಕೋಸಂಬರಿ ಗೊತ್ತಿದ್ದವರಿಗೆ ಇದರ ಮರ್ಮ ಹಿಡಿಯುವುದು ಕಷ್ಟವಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಗೋಧಿ ರವೆಯ ಉಪ್ಪಿಟ್ಟಿಗೆ ಹಸಿರು ಚೆಲ್ಲಿದ ಹಾಗೆ ಮಾಡಿ ಕೊಡುತ್ತಾರೆ, ಅದು ತಬ್ಬೂಲೆಯಲ್ಲ. ಇದರಲ್ಲಿ ಸೊಪ್ಪೇ ಊಟ, ಗೋಧಿ ಬರೀ ರಸ ಹೀರಲು ಇರುವುದು. ನಾಲ್ಕು ಜನಕ್ಕೆ ಅಳತೆ: ದಪ್ಪ ದಂಟು ತೆಗೆದ ಪಾರ್ಸ್ಲಿ 150 ಗ್ರಾಂ, ಪುದೀನ ಎಲೆ 15ರಿಂದ 20, ಗಟ್ಟಿ ಟೊಮೇಟೊ 250 ಗ್ರಾಂ, ಎಳೆ ಈರುಳ್ಳಿ ಎರಡು ಮೂರು ಅಥವಾ ಸಣ್ಣ ಈರುಳ್ಳಿ ಒಂದು, ಸಣ್ಣ ಬುರ್ಗುಲ್ ಮೂರು ದೊಡ್ಡ ಚಮಚ, ನಿಂಬೆರಸ 50ರಿಂದ 60 ಮಿಲಿ, ಆಲಿವ್ ಎಣ್ಣೆ 60 ಮಿಲಿ, ಉಪ್ಪು ಮುಕ್ಕಾಲು ಚಿಕ್ಕ ಚಮಚ, ಸ್ವಲ್ಪ ಕಾಳುಮೆಣಸಿನ ಪುಡಿ. ಕಟ್ಟು ತರುವಾಗ ಬೇಕಾದ ತೂಕದ ಎರಡರಷ್ಟು ತನ್ನಿ, ದಂಟು ತೆಗೆದ ಮೇಲೆ ಹೆಚ್ಚುಕಮ್ಮಿ ಅರ್ಧ ಉಳಿಯುತ್ತದೆ.

ಬುರ್ಗುಲ್ ಕೊಳ್ಳುವಾಗ ಎಚ್ಚರ. ಅದು ಮೊದಲೇ ಬೇಯಿಸಿ, ಒಣಗಿಸಿ, ಒಡೆದ ಗೋಧಿ. ಅದಕ್ಕೇ ನೆನೆಸಿದರೆ ಸಾಕು. ಪೊಟ್ಟಣದ ಮೇಲೆ 1 ಎಂಬ ಸಂಖ್ಯೆ ಇರುವುದು ಅತಿ ಸಣ್ಣ, ತಬ್ಬೂಲೆಗೆ ಅದೇ ಬೇಕು. ಸಂಖ್ಯೆ ಹೆಚ್ಚಾದಂತೆ ಕಾಳು ದಪ್ಪ, ತೀರಾ ದಪ್ಪನೆಯದನ್ನು ಬೇಯಿಸಬೇಕಾಗುತ್ತದೆ. ನಮ್ಮ ಗೋಧಿ ನುಚ್ಚು, ಅಂದರೆ ದಲಿಯಾ, ಹಸಿ ಗೋಧಿಯನ್ನು ಒಡೆದದ್ದು. ನೋಡಲು ಒಂದೇ ಥರ ಕಂಡರೂ ಎಷ್ಟು ಹೊತ್ತು ನೆನೆಸಿದರೂ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ, ಹೊಟ್ಟೆಗೂ ಭಾರ. ದಲಿಯಾ ಮಾತ್ರ ಇದ್ದರೆ ಉದುರಾಗಿ ಬೇಯಿಸಿ, ಪೂರ್ತಿ ಆರಿಸಿ ಬಳಸಿ.

ಟೊಮೇಟೊವನ್ನು ಕಡಲೆಕಾಳಿಗಿಂತ ಚಿಕ್ಕದಾಗಿ ಹೆಚ್ಚಿ, ಅದರ ರಸವನ್ನೂ ನಿಂಬೆರಸವನ್ನೂ ಬುರ್ಗುಲ್ ಮೇಲೆ ಸುರಿದು ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಡಿ. ನೀರಿನಲ್ಲಿ ನೆನೆಸಬೇಡಿ. ನೀರು ಕುಡಿದ ಕಾಳು ಮುಂದೆ ರಸ ಹೀರುವುದಿಲ್ಲ, ತಟ್ಟೆಯ ತಳದಲ್ಲಿ ಕೆರೆ ಕಟ್ಟುತ್ತದೆ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಮೆಣಸಿನ ಪುಡಿಯೊಂದಿಗೆ ಬೆರಳಲ್ಲಿ ಸ್ವಲ್ಪ ಹಿಸುಕಿದರೆ ಖಾರದ ತಲೆ ತಗ್ಗುತ್ತದೆ. ಪುದೀನವನ್ನು ಕೊನೆಗೆ ಹೆಚ್ಚಿ, ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ. ಊಟಕ್ಕೆ ಕೂರುವ ಹತ್ತು ನಿಮಿಷ ಮುಂಚೆ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಕೂಡಿಸಿ, ಮೊದಲು ಎಣ್ಣೆ ಸವರಿದ ಹಾಗೆ ಕಲಸಿ, ಉಪ್ಪು ಕಟ್ಟಕಡೆಗೆ ಹಾಕಿ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುವ ಹಾಗೆ ಇಲ್ಲಿಯೂ ಟೊಮೇಟೊ, ಸೊಪ್ಪು ಎರಡೂ ನೀರು ಬಿಡುತ್ತವೆ. ಲೆಟಿಸ್ ಅಥವಾ ಎಳೆ ಎಲೆಕೋಸಿನ ಎಲೆಯಲ್ಲಿ ತುಂಬಿಕೊಂಡು ತಿನ್ನುವುದು ಅಲ್ಲಿನ ರೂಢಿ. ಮೊದಲ ಸಲ ಹುಳಿ ಹೆಚ್ಚೆನಿಸಬಹುದು. ನಿಂಬೆ ಕಡಿಮೆ ಮಾಡುವ ಬದಲು ಒಂದು ಚಮಚ ಎಣ್ಣೆ ಹೆಚ್ಚಿಸಿ ನೋಡಿ. ಹುಳಿ ಕಡಿಮೆಯಾದರೆ ಸೊಪ್ಪಿನ ಕಹಿ ಮುಂದೆ ಬರುತ್ತದೆ.

ದಿನಾ ಇಷ್ಟೆಲ್ಲ ಹೆಚ್ಚುವ ಪುರುಸೊತ್ತು ಇರುವುದಿಲ್ಲ, ನಿಜ. ವಾರದ ದಿನಗಳಿಗೆ ಬಕ್ದೂನಿಸಿಯೆ ಎಂಬ ತಹಿನಿ ಚಟ್ನಿ ಹೆಚ್ಚು ಅನುಕೂಲ. ತಹಿನಿ ಅಂದರೆ ಎಳ್ಳನ್ನು ನುಣ್ಣಗೆ ಅರೆದದ್ದು. ಅರ್ಧ ಕಪ್ ತಹಿನಿಗೆ 60 ಮಿಲಿ ನಿಂಬೆರಸ, ಒಂದು ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಉಪ್ಪು ಹಾಕಿ ಕಲಸಿದ ತಕ್ಷಣ ಅದು ಒಡೆದ ಹಾಗೆ ಗಟ್ಟಿಯಾಗಿ ಚಮಚಕ್ಕೆ ಅಂಟುತ್ತದೆ. ಕೆಟ್ಟಿತೆಂದು ಎಸೆಯಬೇಡಿ. ತಣ್ಣೀರನ್ನು ಒಂದೊಂದೇ ಚಮಚ ಹಾಕುತ್ತ ಕಲಸಿದರೆ, ನಾಲ್ಕೈದು ಚಮಚದ ಹೊತ್ತಿಗೆ ಬಣ್ಣ ಬೆಳ್ಳಗಾಗಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಆಗ ಹೆಚ್ಚಿದ ಪಾರ್ಸ್ಲಿ 50 ಗ್ರಾಂ ಸೇರಿಸಿ. ಚಪಾತಿಗೆ, ಬೇಯಿಸಿದ ಹೂಕೋಸಿಗೆ, ಹುರಿದ ಮೀನಿಗೆ ಹೊಂದುತ್ತದೆ. ಎಳ್ಳಿನ ಎಣ್ಣೆಯಂಶ ಕಹಿಯನ್ನು ಪೂರ್ತಿ ಮುಚ್ಚುವುದರಿಂದ ಮಕ್ಕಳೂ ತಿನ್ನುತ್ತಾರೆ. ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು.

ಮೊಟ್ಟೆ ತಿನ್ನುವವರಾದರೆ ಇರಾನಿನ ಕುಕು ಸಬ್ಜಿ ಮಾಡಿ. ನೌರೋಜ್ ಹಬ್ಬಕ್ಕೆ ಅಲ್ಲಿನ ಮನೆಗಳಲ್ಲಿ ಮಾಡುವ ದಪ್ಪ ಹಸಿರು ಆಮ್ಲೆಟ್ ಇದು. ಪಾರ್ಸ್ಲಿ 60 ಗ್ರಾಂ, ಕೊತ್ತಂಬರಿ 60 ಗ್ರಾಂ, ಎಳೆ ಈರುಳ್ಳಿಯ ಹಸಿರು ಭಾಗ 60 ಗ್ರಾಂ, ಸಬ್ಬಸಿಗೆ 30 ಗ್ರಾಂ, ಎಲ್ಲ ಸಣ್ಣಗೆ ಹೆಚ್ಚಿ, ಐದು ಮೊಟ್ಟೆ, ಕಾಲು ಚಿಕ್ಕ ಚಮಚ ಅರಿಸಿನ, ಅರ್ಧ ಚಿಕ್ಕ ಚಮಚ ಬೇಕಿಂಗ್ ಪೌಡರ್, ಉಪ್ಪು, ಮೆಣಸು ಹಾಕಿ ಕಲಸಿ. ಮೊಟ್ಟೆ ಸೊಪ್ಪನ್ನು ಹಿಡಿದಿಡುವಷ್ಟೇ ಇರಬೇಕು. ಕಲಸಿದ್ದು ಸುರಿಯುವಂತೆ ಹರಿಯದೆ, ಚಮಚದಲ್ಲಿ ಎತ್ತಿ ಹಾಕುವ ಹಾಗಿದ್ದರೆ ಹದ ಸರಿ. 20 ಸೆಂಟಿಮೀಟರ್ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ನಾಲ್ಕು ತುಂಡು ಮಾಡಿ ತಿರುವಿ ಹಾಕಿ ಇನ್ನೊಂದು ಐದು ಆರು ನಿಮಿಷ. ಉರಿ ಜೋರಾದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಸೊಪ್ಪು ಒದ್ದೆ ಇದ್ದರೆ ನಡುವೆ ನೀರು ನಿಂತು ಕುಸಿಯುತ್ತದೆ. ಅಲ್ಲಿಯೂ ಅದೇ ಮಾತು, ಮೊದಲು ಒಣಗಿಸಿ.

ನಮ್ಮ ಅಡುಗೆಗಳ ಪೈಕಿ ಹೆಸರುಬೇಳೆ ಕೋಸಂಬರಿಗೆ ಪಾರ್ಸ್ಲಿ ಬಹಳ ಚೆನ್ನಾಗಿ ಕೂಡುತ್ತದೆ. 100 ಗ್ರಾಂ ಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿದು, 30 ಗ್ರಾಂ ಪಾರ್ಸ್ಲಿ, ಒಂದು ಸೌತೆಕಾಯಿ, ಎರಡು ಚಮಚ ಕಾಯಿತುರಿ, ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ, ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಿ. ಇಂಗು ಬೇಡ, ಅದು ಪಾರ್ಸ್ಲಿಯನ್ನು ತುಳಿದುಬಿಡುತ್ತದೆ. ಒಗ್ಗರಣೆ ಪೂರ್ತಿ ಆರಿದ ಮೇಲೆ ಸೊಪ್ಪು ಹಾಕಿ. ಮೊಸರು ಬಜ್ಜಿಗೂ ಒಗ್ಗುತ್ತದೆ: ಕಾಲು ಲೀಟರ್ ಗಟ್ಟಿ ಮೊಸರಿಗೆ 20 ಗ್ರಾಂ ಸೊಪ್ಪು, ಚೂರು ಬೆಳ್ಳುಳ್ಳಿ. ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಅರ್ಧ, ಪಾರ್ಸ್ಲಿ ಅರ್ಧ ಹಾಕಿದರೆ ಒಳ್ಳೆಯದು, ಬರೀ ಪಾರ್ಸ್ಲಿಯ ರೊಟ್ಟಿ ಮಾತ್ರ ಸಪ್ಪೆ. ಆಲೂಗಡ್ಡೆ ಬೇಯಿಸಿ ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಬೆಣ್ಣೆ, ಉಪ್ಪು, ಮೆಣಸು, ಒಂದು ಮುಷ್ಟಿ ಪಾರ್ಸ್ಲಿ ಹಾಕಿ ಕುಲುಕಿದರೆ ಹತ್ತು ನಿಮಿಷದಲ್ಲಿ ಪಲ್ಯದ ಜಾಗ ತುಂಬುತ್ತದೆ. ತೊವ್ವೆಗೆ ಮಾತ್ರ ಒಂದು ವಿಶೇಷ ಉಪಾಯ ಹೇಳಬೇಕು. ಇಟಲಿಯ ಮಿಲಾನಿನಲ್ಲಿ ಬೇಯಿಸಿದ ಮಾಂಸದ ಮೇಲೆ ಉದುರಿಸುವ ಗ್ರೆಮೊಲಾತ ಎಂಬುದೊಂದಿದೆ: ಹೆಚ್ಚಿದ ಪಾರ್ಸ್ಲಿ ಒಂದು ಮುಷ್ಟಿ, ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ, ಒಂದು ಎಸಳು ಬೆಳ್ಳುಳ್ಳಿ, ಮೂರನ್ನೂ ಒಟ್ಟಿಗೆ ಸಣ್ಣಗೆ ಹೆಚ್ಚುವುದು. ಹುಣಸೆ ಇಲ್ಲದ ತೊವ್ವೆಯನ್ನು ಬಟ್ಟಲಿಗೆ ಬಡಿಸಿದ ಮೇಲೆ ಇದನ್ನು ಒಂದು ಚಮಚ ಹಾಕಿ, ಮೇಲೆ ತುಪ್ಪ ಬಿಡಿ. ಸಿಪ್ಪೆಯ ಬಿಳಿ ಭಾಗ ತುರಿಗೆ ಬಂದರೆ ಕಹಿಯಾಗುತ್ತದೆ, ಹಗುರವಾಗಿ ತುರಿಯಿರಿ.

ಇನ್ನು ಏನೂ ಮಾಡಲು ಮನಸ್ಸಿಲ್ಲದ ದಿನ, ತೊಳೆದು ಒಣಗಿಸಿದ ಕಡ್ಡಿಗಳನ್ನು ಪುದೀನ, ಮೂಲಂಗಿ, ಎಳೆ ಈರುಳ್ಳಿಯ ಜೊತೆ ತಟ್ಟೆಯಲ್ಲಿ ಇಟ್ಟುಬಿಡಿ. ಇರಾನಿ ಊಟದಲ್ಲಿ ಹೀಗೆ ಹಸಿ ಸೊಪ್ಪಿನ ತಟ್ಟೆ ಇಟ್ಟೇ ಇರುತ್ತಾರೆ, ರೊಟ್ಟಿ, ಚೀಸಿನ ಜೊತೆ ಕಿತ್ತು ಕಿತ್ತು ತಿನ್ನುತ್ತಾರೆ.

“ಆರೋಗ್ಯಕ್ಕೆ ಒಳ್ಳೆಯದು” ಎಂಬ ಮಾತಿಗೆ ಲೆಕ್ಕ ಕೊಡುತ್ತೇವೆ. ಒಂದು ದೊಡ್ಡ ಮುಷ್ಟಿ, ಅಂದರೆ 30 ಗ್ರಾಂ ಎಲೆಯಲ್ಲಿ ವಿಟಮಿನ್ ಸಿ ಸುಮಾರು 40 ಮಿಲಿಗ್ರಾಂ, ಕಬ್ಬಿಣ 1.9 ಮಿಲಿಗ್ರಾಂ, ಫೋಲೇಟ್ 45 ಮೈಕ್ರೋಗ್ರಾಂ, ಜೊತೆಗೆ ದೇಹ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವ ಬೀಟಾ ಕ್ಯಾರೊಟಿನ್ ಧಾರಾಳ. ಶಕ್ತಿ ಬರೀ 11 ಕ್ಯಾಲರಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ನಿಧಾನ, ವಿಟಮಿನ್ ಸಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಎಲೆಯಲ್ಲೇ ಅದಿದೆ, ನಿಂಬೆ ಇನ್ನಷ್ಟು ಕೊಡುತ್ತದೆ. ಬೀಟಾ ಕ್ಯಾರೊಟಿನ್, ವಿಟಮಿನ್ ಕೆ ಎರಡಕ್ಕೂ ಜಿಡ್ಡು ಬೇಕು, ಆದ್ದರಿಂದ ಎಣ್ಣೆ, ತಹಿನಿ, ಬೆಣ್ಣೆ ಬಿಟ್ಟು ಮಾಡಬೇಡಿ. ಒಂದೆರಡು ಎಲೆ ಉದುರಿಸಿದರೆ ಈ ಲಾಭ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಮುಷ್ಟಿಯ ಲೆಕ್ಕದಲ್ಲಿ ತಿನ್ನಬೇಕು. ಪಾರ್ಸ್ಲಿ ಕುದಿಸಿದ ನೀರು ಕುಡಿದರೆ ಮೂತ್ರಪಿಂಡ ತೊಳೆದಂತಾಗುತ್ತದೆ, ಕಲ್ಲು ಕರಗುತ್ತದೆ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ, ನಂಬಬೇಡಿ. ಪಾರ್ಸ್ಲಿಯಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಇದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಾದವರು ದೊಡ್ಡ ಪ್ರಮಾಣದಲ್ಲಿ ತಿನ್ನದಿರುವುದೇ ಕ್ಷೇಮ. ಮೂತ್ರಪಿಂಡದ ತೊಂದರೆಗೆ ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿಸಿಕೊಂಡವರೂ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಊಟದ ಅಳತೆಯಲ್ಲಿ ತಿನ್ನಬಹುದು. ಬೀಜ, ಎಣ್ಣೆ, ಗಾಢ ಕಷಾಯ ಮಾತ್ರ ಬೇಡ, ಅವುಗಳಲ್ಲಿ ಗರ್ಭಕೋಶವನ್ನು ಕೆರಳಿಸುವ ಏಪಿಯೋಲ್ ಸಾಂದ್ರವಾಗಿರುತ್ತದೆ.

ಫ್ರಿಜ್ಜಿನಲ್ಲಿ ಲೋಳೆಯಾಗುವುದಕ್ಕೆ ಕಾರಣ ಎರಡು: ತೊಳೆದು ಒದ್ದೆಯಲ್ಲೇ ಇಟ್ಟದ್ದು, ಇಲ್ಲವೇ ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬಿಗಿದದ್ದು. ಅಂಗಡಿಯಲ್ಲಿ ನೀರು ಚಿಮುಕಿಸಿರುತ್ತಾರೆ, ಹಾಗಾಗಿ ನೀವು ತೊಳೆಯದಿದ್ದರೂ ಕಟ್ಟಿನ ನಡುವೆ ತೇವ ಕೂತಿರುತ್ತದೆ. ತಂದ ತಕ್ಷಣ ದಾರ ಬಿಚ್ಚಿ, ಬಟ್ಟೆಯ ಮೇಲೆ ಹರಡಿ ಮೇಲಿನ ತೇವ ಆರಿಸಿ. ಬುಡವನ್ನು ಒಂದು ಸೆಂಟಿಮೀಟರ್ ಕತ್ತರಿಸಿ, ಲೋಟದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ನೀರು ಹಾಕಿ ಹೂವಿನ ಗೊಂಚಲಿನ ಹಾಗೆ ನಿಲ್ಲಿಸಿ, ಎಲೆಗಳ ಮೇಲೆ ಒಂದು ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಹೊದಿಸಿ ಫ್ರಿಜ್ಜಿನ ಬಾಗಿಲ ಬಳಿ ಇಡಿ. ನೀರಿನಲ್ಲಿ ಎಲೆ ಮುಳುಗಬಾರದು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿದರೆ ಹತ್ತು ದಿನ, ಕೆಲವೊಮ್ಮೆ ಎರಡು ವಾರ ತಾಜಾ ಉಳಿಯುತ್ತದೆ. ಫ್ರಿಜ್ಜಿನ ಹಿಂಬದಿಗೆ ತಾಗಿಸಿಟ್ಟರೆ ಎಲೆ ಹೆಪ್ಪುಗಟ್ಟಿ, ಕರಗಿದ ಮೇಲೆ ಕಪ್ಪಗೆ ಮೆತ್ತಗಾಗುತ್ತದೆ. ಬಾಳೆಹಣ್ಣು, ಸೇಬಿನ ಪಕ್ಕದಲ್ಲೂ ಇಡಬೇಡಿ, ಅವು ಬಿಡುವ ಎಥಿಲೀನ್ ಎಲೆಯನ್ನು ಬೇಗ ಹಳದಿ ಮಾಡುತ್ತದೆ. ಉಳಿಯಿತೆಂದರೆ ಒಣಗಿದ ಸೊಪ್ಪನ್ನು ಹೆಚ್ಚಿ, ಚೀಲದಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಡಿ, ಬೇಕಾದಷ್ಟು ಮುರಿದು ತೆಗೆಯಬಹುದು. ಅದು ಕುಕು, ಸೂಪು, ರೊಟ್ಟಿಗೆ ಸರಿ, ತಬ್ಬೂಲೆಗೆ ಆಗದು. ಡಬ್ಬಿಯಲ್ಲಿ ಬರುವ ಒಣ ಪಾರ್ಸ್ಲಿಗೆ ದುಡ್ಡು ಹಾಕಬೇಡಿ, ಅದರಲ್ಲಿ ಬಣ್ಣ ಉಳಿದಿರುತ್ತದೆ, ಘಮ ಉಳಿದಿರುವುದಿಲ್ಲ.

ಬಾಲ್ಕನಿಯಲ್ಲಿ ಬೆಳೆಯುತ್ತದೆ. ನಿಮ್ಮಲ್ಲಿ ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಬಿತ್ತಿದರೆ ಚಳಿಗಾಲವೆಲ್ಲ ಕೊಯ್ಯಬಹುದು, ಬೇಸಿಗೆಯ ಬಿಸಿಲನ್ನು ಅದು ತಾಳದು. ಬೆಂಗಳೂರಿನಲ್ಲಿ ನೆರಳು ಕೊಟ್ಟರೆ ಹೆಚ್ಚುಕಮ್ಮಿ ವರ್ಷವಿಡೀ ಬರುತ್ತದೆ. ಬೇರು ಕ್ಯಾರೆಟ್ಟಿನಂತೆ ನೇರ ಕೆಳಗಿಳಿಯುವುದರಿಂದ ಕುಂಡ ಕನಿಷ್ಠ 25 ಸೆಂಟಿಮೀಟರ್ ಆಳವಿರಲಿ. ಬೀಜವನ್ನು ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅರ್ಧ ಸೆಂಟಿಮೀಟರ್ ಆಳದಲ್ಲಿ, ನೇರವಾಗಿ ಅದೇ ಕುಂಡದಲ್ಲಿ ಬಿತ್ತಿ. ಕಿತ್ತು ನೆಟ್ಟರೆ ಬೇರು ನೋಯುತ್ತದೆ. ಕೊತ್ತಂಬರಿ ವಾರ ಹತ್ತು ದಿನದಲ್ಲಿ ಮೊಳೆತರೆ ಇದಕ್ಕೆ ಮೂರು ವಾರ, ಕೆಲವೊಮ್ಮೆ ನಾಲ್ಕು. ಬಹುತೇಕರು ಎರಡನೆಯ ವಾರದಲ್ಲೇ ಬೀಜ ಸತ್ತಿತೆಂದು ಮಣ್ಣು ಕೆದಕಿ ಕೆಡಿಸುತ್ತಾರೆ. ಅಲ್ಲಿಯವರೆಗೆ ಮೇಲ್ಮಣ್ಣು ಒಂದು ದಿನವೂ ಪೂರ್ತಿ ಒಣಗಬಾರದು, ಮೇಲೊಂದು ಒದ್ದೆ ಗೋಣಿ ಹೊದಿಸಿ, ಮೊಳಕೆ ಕಂಡ ದಿನ ತೆಗೆಯಿರಿ. ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಟ್ಟು ಉಳಿದದ್ದನ್ನು ಕಿತ್ತು ಸಾರಿಗಲ್ಲ, ಕೋಸಂಬರಿಗೆ ಹಾಕಿ.

ಕೊಯ್ಯುವಾಗ ಮೇಲಿನ ಎಲೆ ಚಿವುಟಬೇಡಿ. ಹೊಸ ಕಡ್ಡಿಗಳು ನಡುವಿನಿಂದ ಬರುತ್ತವೆ, ಆದ್ದರಿಂದ ಹೊರಸುತ್ತಿನ ಹಳೆಯ ಕಡ್ಡಿಗಳನ್ನು ಬುಡಸಮೇತ ಕತ್ತರಿಸಿ, ಒಂದು ಸಲಕ್ಕೆ ಗಿಡದ ಮೂರನೇ ಒಂದು ಪಾಲು ಮೀರದಂತೆ. ಪಾರ್ಸ್ಲಿ ಎರಡು ವರ್ಷದ ಗಿಡ, ಎರಡನೆಯ ವರ್ಷ ನಡುವಿನಿಂದ ಉದ್ದ ಹೂದಂಟು ಎದ್ದರೆ ಎಲೆ ಒರಟಾಗಿ ಕಹಿಯಾಗುತ್ತದೆ. ಆಗ ಅದನ್ನು ಕಿತ್ತು ಹೊಸ ಬೀಜ ಹಾಕಿ. ಒಂದೇ ಕುಂಡದಿಂದ ವಾರಕ್ಕೊಂದು ತಬ್ಬೂಲೆಯಷ್ಟು ಸೊಪ್ಪು ಸಿಗುವುದಿಲ್ಲ. ದಿನದ ತೊವ್ವೆಗೂ ಮೊಸರು ಬಜ್ಜಿಗೂ ಎರಡು ಮೂರು ಕುಂಡ ಸಾಕು, ಕಟ್ಟುಗಟ್ಟಲೆ ಬೇಕಾದ ದಿನ ಅಂಗಡಿಗೆ ಹೋಗಿ ಬಕ್ದೂನಿಸ್ ಎಂದೇ ಕೇಳಿ ತನ್ನಿ.